ಇವರು ಅವರೇನಾ?

ದೊಡ್ಡಮ್ಮನಿಗೆ ಬೀಡಿ ಕೆಲಸದ ಪಿಂಚಣಿ ಬರುತ್ತದೆ. ದೊಡ್ಡ ಮೊತ್ತವೇನಲ್ಲ. ಆದರೆ ಅದು ಅವರ ಸ್ವಂತ ದುಡ್ಡು, ಮಗನ ಹತ್ತಿರ ಕೈಚಾಚಬೇಕಾಗಿಲ್ಲ. ಅದು ನಿಲ್ಲದೆ ಬರಬೇಕಾದರೆ ವರ್ಷಕ್ಕೊಂದು ಸಲ ತಾನು ಬದುಕಿದ್ದೇನೆ ಅಂತ ತೋರಿಸಿಕೊಡಬೇಕು. ಕಳೆದ ವರ್ಷ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದವನು ನಾನು. ಮೆಷಿನಿನ ಮೇಲೆ ಹೆಬ್ಬೆರಳಿಟ್ಟರು, ಆಗಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಟ್ಟರು, ಆಗಲಿಲ್ಲ. ಬಲಗೈ, ಎಡಗೈ, ತೋರುಬೆರಳು, ಕಿರುಬೆರಳು, ಹತ್ತೂ ಮುಗಿಯಿತು. ಮೂವತ್ತೈದು ವರ್ಷ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟಿದ ಕೈ ಅದು. ಎಲೆ ಸುತ್ತಿ ಸುತ್ತಿ ಬೆರಳಿನ ಗೆರೆಯೆಲ್ಲ ಸವೆದು, ತುದಿ ಹಳೇ ನಾಲ್ಕಾಣೆಯ ಹಾಗೆ ನುಣ್ಣಗಾಗಿದೆ. ಕೌಂಟರಿನಲ್ಲಿದ್ದ ಹುಡುಗ ಪಾಪ ಒಳ್ಳೆಯವನೇ, ಆದರೆ ಅವನ ಬಾಯಿಂದ ಬಂದದ್ದು ಹೀಗೆ: "ಇದರ ಪ್ರಕಾರ ಇವರು ಅವರಲ್ಲ."

ದೊಡ್ಡಮ್ಮ ನನ್ನ ಮುಖ ನೋಡಿದರು. "ಯಾನ್ ಯಾನೇ ಅತ್ತಾ?" ಅಂದರು. ನಾನು ನಾನೇ ಅಲ್ವಾ ಅಂತ.

ಅಲ್ಲಿ ನಗಾಡಿದ್ದು ನಿಜ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಲು ಕೂತರೆ ನಗು ನಿಲ್ಲುತ್ತದೆ. ಬೀಡಿ ಬ್ರಾಂಚಿನ ಹಳೇ ಪುಸ್ತಕದಲ್ಲಿ ಅವರದ್ದೊಂದು ಫೋಟೊ ಇದೆ. ಎರಡು ಜಡೆ, ಮುಖ ಸಪೂರ, ಕ್ಯಾಮರಾ ಕಂಡು ಹೆದರಿದ ಕಣ್ಣು. ಆ ಹುಡುಗಿಗೂ ಈಗ ಟೋಕನ್ ಹಿಡಿದು ಕೂತ ಈ ಎಪ್ಪತ್ತು ದಾಟಿದ ಹೆಂಗಸಿಗೂ ಏನು ಸಮ ಉಂಟು? ತೂಕ, ಕೂದಲು, ಸ್ವರ, ಇಷ್ಟಾನಿಷ್ಟ ಯಾವುದೂ ಅಲ್ಲ. ಆದರೂ ಅವಳೇ ಇವರು ಅನ್ನುತ್ತೇವೆ. ಯಾವ ಆಧಾರದ ಮೇಲೆ? ತತ್ವಶಾಸ್ತ್ರದವರು ಇದಕ್ಕೆ ವ್ಯಕ್ತಿಯ ಅನನ್ಯತೆಯ ಸಮಸ್ಯೆ ಅಂತ ಭಾರದ ಹೆಸರಿಟ್ಟಿದ್ದಾರೆ. ಹೆಸರಿಗೆ ಹೆದರುವುದು ಬೇಡ.

ಮೊದಲು ಎರಡು ಗೋಜಲು ಬಿಡಿಸಿಕೊಳ್ಳೋಣ. ಒಂದು, 'ಅದೇ' ಅನ್ನುವ ಮಾತಿನದ್ದು. ಹೋಟೆಲಿಗೆ ಹೋಗಿ "ನಿನ್ನೆ ಕೊಟ್ಟದ್ದೇ ಕೊಡಿ" ಅಂದರೆ ನಿಮಗೆ ಬೇಕಾದದ್ದು ಇನ್ನೊಂದು ಬನ್ಸ್. ನಿನ್ನೆಯ ಬನ್ಸ್ ನಿಮ್ಮ ಹೊಟ್ಟೆಗೆ ಹೋಗಿ ಆಗಿದೆ. ಅಂದರೆ ನೀವು 'ಅದೇ' ಅಂದರೂ ಕೇಳಿದ್ದು 'ಅಂಥದ್ದೇ'. ಮನುಷ್ಯರ ವಿಷಯದಲ್ಲಿ ಇದು ಉಲ್ಟಾ ಆಗುತ್ತದೆ. "ಗಲ್ಫಿಗೆ ಹೋಗಿ ಬಂದ ಮೇಲೆ ಅವನು ಅವನೇ ಅಲ್ಲ ಮಾರಾಯ" ಅಂತ ದೂರುತ್ತೇವಲ್ಲ, ಅಲ್ಲಿ ಹೇಳುತ್ತಿರುವುದು ಅವನು ಮೊದಲಿನಂಥವನಲ್ಲ ಅಂತ ಮಾತ್ರ. ಅವನೇ ಅಲ್ಲದಿದ್ದರೆ ನಿಮಗೆ ಬೇಜಾರು ಯಾಕೆ, ಯಾರೋ ಹೊಸಬ ಬಂದಿದ್ದಾನೆ ಅಂತ ಸುಮ್ನೆ ಇರಬಹುದಿತ್ತು. ನಮ್ಮ ಪ್ರಶ್ನೆ 'ಅದೇ'ಯದ್ದು, 'ಅಂಥದ್ದೇ'ಯದ್ದಲ್ಲ.

ಇನ್ನೊಂದು ಗೋಜಲು ಆ ಮೆಷಿನಿನದ್ದು. ಬೆರಳಚ್ಚು ಒಂದು ಗುರುತು. ಹೊಗೆ ಕಂಡರೆ ಬೆಂಕಿ ಇದೆ ಅಂತ ಊಹಿಸುತ್ತೇವೆ, ಹಾಗಂತ ಹೊಗೆಯೇ ಬೆಂಕಿಯಲ್ಲ. ಬೆರಳಿನ ಗೆರೆ ಹೋದರೆ ದೊಡ್ಡಮ್ಮ ಹೋಗುವುದಿಲ್ಲ, ಅವರನ್ನು ಪತ್ತೆ ಮಾಡುವ ಒಂದು ದಾರಿ ಹೋಗುತ್ತದೆ ಅಷ್ಟೆ. ಹಾಗಾದರೆ ಬೆಂಕಿ ಯಾವುದು? ಏನು ಹೋದರೆ ನಿಜವಾಗಿ ದೊಡ್ಡಮ್ಮನೇ ಹೋದ ಹಾಗೆ?

ದೇಹ ಅಂತ ನೀವು ಹೇಳಬಹುದು. ನಾನೂ ಮೊದಲು ಅದನ್ನೇ ಹೇಳಿದ್ದು. ಆದರೆ ಯಾವ ದೇಹ? ನಮ್ಮ ಅಜ್ಜನ ಮನೆ ಹಂಚಿನದ್ದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಕಡೆಯ ಮುಳಿಹುಲ್ಲಿನ ಮಾಡುಗಳೆಲ್ಲ ಒಂದೊಂದಾಗಿ ಕೆಂಪಾದವು, ಅಂಥ ಒಂದು ಮನೆ. ಪ್ರತಿ ಮೇ ತಿಂಗಳಲ್ಲಿ ಮಾಡಿಗೆ ಹತ್ತಿ ಒಡೆದ ಹಂಚು ತೆಗೆದು ಹೊಸದು ಇಡುತ್ತಿದ್ದೆವು. ಮಾಡಿನ ಮರದಲ್ಲಿ ಗೆದ್ದಲು ಹಿಡಿದ ಪಕ್ಕಾಸು ಒಂದು ವರ್ಷ, ರೀಪು ಇನ್ನೊಂದು ವರ್ಷ. ನನಗೆ ಗೊತ್ತಿದ್ದ ಹಾಗೆ ಅಜ್ಜ ಹೊದಿಸಿದ ಹಂಚು ಒಂದೂ ಈಗ ಅಲ್ಲಿಲ್ಲ. ಆದರೂ ಅದು ಅಜ್ಜನ ಮನೆಯೇ, ಯಾರಿಗೂ ಸಂಶಯವಿಲ್ಲ. ಗ್ರೀಕರು ಇದನ್ನೇ ಥೀಸಿಯಸ್ ಅನ್ನುವ ವೀರನ ಹಡಗಿನ ಮೇಲೆ ಕೇಳಿದರು: ಹಲಗೆ ಒಂದೊಂದಾಗಿ ಬದಲಾಗಿ ಎಲ್ಲ ಹೊಸದಾದರೆ ಹಡಗು ಅದೇನಾ? ಇಂಗ್ಲೆಂಡಿನ ಥಾಮಸ್ ಹಾಬ್ಸ್ 1655ರಲ್ಲಿ ಅದಕ್ಕೆ ಒಂದು ಕೀಟಲೆ ಸೇರಿಸಿದ. ತೆಗೆದು ಬಿಸಾಡಿದ ಹಳೇ ಹಲಗೆಗಳನ್ನೆಲ್ಲ ಒಬ್ಬ ಒಟ್ಟು ಮಾಡಿ, ಅದೇ ಕ್ರಮದಲ್ಲಿ ಜೋಡಿಸಿ ಇನ್ನೊಂದು ಹಡಗು ನಿಲ್ಲಿಸಿದರೆ ಯಾವುದು ಥೀಸಿಯಸ್ಸನದ್ದು?

ಇದು ಬರೀ ಕುತರ್ಕ ಅನ್ನಿಸಿದರೆ ಮಣಿಪಾಲದ ಹೆರಿಟೇಜ್ ವಿಲೇಜಿಗೆ ಹೋಗಿ ನೋಡಿ. ವಿಜಯನಾಥ ಶೆಣೈಯವರು ಬೇರೆ ಬೇರೆ ಊರುಗಳಲ್ಲಿ ಬೀಳುತ್ತಿದ್ದ ಹಳೇ ಮನೆಗಳನ್ನು ಬಿಚ್ಚಿಸಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಮರ ಅದೇ, ಕಂಬ ಅದೇ, ಊರು ಬೇರೆ, ನಡುವೆ ಸ್ವಲ್ಪ ಕಾಲ ಅದು ಮನೆಯೇ ಆಗಿರಲಿಲ್ಲ, ಲಾರಿಯಲ್ಲಿದ್ದ ಮರದ ರಾಶಿ. ಅಲ್ಲಿ ನಿಂತಾಗ ನನಗೆ ಅದು ಅದೇ ಮನೆ ಅಂತಲೇ ಅನ್ನಿಸಿತು. ನಮ್ಮ ಅಜ್ಜನ ಮನೆಯೂ ಅದೇ ಮನೆ ಅನ್ನಿಸುತ್ತದೆ. ಒಂದು ಕಡೆ ಸಾಮಾನು ಲೆಕ್ಕ, ಇನ್ನೊಂದು ಕಡೆ ನಿಲ್ಲದೆ ನಡೆದು ಬಂದದ್ದು ಲೆಕ್ಕ. ಎರಡೂ ಒಟ್ಟಿಗೆ ಇರುವವರೆಗೆ ಜಗಳವಿಲ್ಲ. ಎರಡು ಬೇರೆ ಬೇರೆ ದಾರಿ ಹಿಡಿದಾಗಲೇ ಕಷ್ಟ ಶುರು.

ದೇಹವೂ ಅಜ್ಜನ ಮನೆಯ ಹಾಗೆಯೇ. ಏಳು ವರ್ಷಕ್ಕೊಮ್ಮೆ ಮೈಯ ಜೀವಕೋಶಗಳೆಲ್ಲ ಹೊಸದಾಗುತ್ತವೆ ಅಂತ ವಾಟ್ಸಾಪಿನಲ್ಲಿ ಬರುತ್ತಾ ಇರುತ್ತದೆ, ಅದು ತಪ್ಪು. ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತದೆ, ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಬದಲಾಗುತ್ತದೆ, ಆದರೆ ಮೆದುಳಿನ ಹೊರಪದರದ ನರಕೋಶಗಳು ಹೆಚ್ಚುಕಮ್ಮಿ ನಾವು ಹುಟ್ಟಿದಾಗಿನವೇ. ಕಣ್ಣಿನ ಮಸೂರದ ನಡುಭಾಗವಂತೂ ಹುಟ್ಟುವ ಮೊದಲೇ ಆದದ್ದು, ಕೊನೆವರೆಗೆ ಅದೇ. ಹಾಗಾದರೆ ಬದಲಾಗದೆ ಉಳಿಯುವ ಆ ಭಾಗವೇ ನಾವಾ? ದೊಡ್ಡಮ್ಮನಿಗೆ ಎರಡೂ ಕಣ್ಣಿನ ಪೊರೆ ತೆಗೆದಾಗಿದೆ. ಮಸೂರ ಎರಡೂ ಈಗ ಡಾಕ್ಟರು ಕೂರಿಸಿದ್ದು. ಹೋದದ್ದು ಮಸೂರ. ಅವರು ಮಾರನೇ ದಿನವೇ ಎದ್ದು ಗಂಜಿಗೆ ಚಟ್ನಿ ಸರಿ ಇಲ್ಲ ಅಂತ ಹೇಳಿದರು.

ಉಳಿದದ್ದು ತಲೆ. ಬೇತಾಳನ ಕಥೆಯಲ್ಲಿ ಹೆಂಗಸೊಬ್ಬಳು ಗಾಬರಿಯಲ್ಲಿ ಗಂಡನ ತಲೆಯನ್ನು ಇನ್ನೊಬ್ಬನ ಮುಂಡಕ್ಕೆ, ಅವನ ತಲೆಯನ್ನು ಗಂಡನ ಮುಂಡಕ್ಕೆ ಇಟ್ಟುಬಿಡುತ್ತಾಳೆ. ಇಬ್ಬರೂ ಎದ್ದು ಕೂರುತ್ತಾರೆ. ಗಂಡ ಯಾರು? ರಾಜನ ಉತ್ತರ ನಿಮಗೂ ಗೊತ್ತು: ತಲೆ ಇರುವವನೇ, ಯಾಕಂದರೆ ಅಂಗಗಳಲ್ಲಿ ತಲೆಯೇ ಮೇಲು. ಮೇಲು ಯಾಕೆ ಅಂತ ಬೇತಾಳ ಕೇಳುವುದಿಲ್ಲ. ಕೇಳಬೇಕಿತ್ತು. ತಲೆ ಮೇಲಾಗುವುದು ಅದರೊಳಗೆ ಯೋಚನೆ, ನೆನಪು ಎಲ್ಲ ಇರುವುದಕ್ಕೆ ಅಂತಾದರೆ, ನಮಗೆ ಬೇಕಾದದ್ದು ತಲೆಯಲ್ಲ, ನೆನಪು.

ಹಾಗೆ ನೇರವಾಗಿ ಹೇಳಿದವನು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್. ಮನುಷ್ಯನ ತಿಳಿವಳಿಕೆಯ ಮೇಲೆ ಅವನು ಬರೆದ ದೊಡ್ಡ ಪುಸ್ತಕದ ಎರಡನೇ ಮುದ್ರಣದಲ್ಲಿ, 1694ರಲ್ಲಿ, ಇದಕ್ಕೇ ಅಂತ ಒಂದು ಅಧ್ಯಾಯ ಸೇರಿಸಿದ. ಈಗಿನ ಚರ್ಚೆಯೆಲ್ಲ ಶುರುವಾದದ್ದು ಅಲ್ಲಿಂದ. ಅವನ ಉದಾಹರಣೆ ರಾಜಕುಮಾರ ಮತ್ತು ಚಮ್ಮಾರ. ರಾತ್ರಿ ರಾಜಕುಮಾರನ ಪ್ರಜ್ಞೆ, ನೆನಪು ಸಮೇತ, ಚಮ್ಮಾರನ ದೇಹಕ್ಕೆ ಬಂದು ಸೇರಿತು ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದವನು ಯಾರು? ಊರಿನವರ ಕಣ್ಣಿಗೆ ಚಮ್ಮಾರನೇ. ಆದರೆ ರಾಜಕುಮಾರ ಮಾಡಿದ ಕೆಲಸಕ್ಕೆ ಉತ್ತರ ಕೊಡಬೇಕಾದವನು ಇವನು. ಇಲ್ಲಿ ಲಾಕ್ ಎರಡು ಮಾತನ್ನು ಬೇರೆ ಮಾಡುತ್ತಾನೆ. 'ಮನುಷ್ಯ' ಅಂದರೆ ಈ ಮೈ, ಈ ಜೀವಿ. 'ವ್ಯಕ್ತಿ' ಅಂದರೆ ತಾನು ಮಾಡಿದ್ದನ್ನು ತನ್ನದು ಅಂತ ಒಳಗಿನಿಂದ ತಿಳಿದಿರುವವನು. ವ್ಯಕ್ತಿ ಅನ್ನುವುದು ಕೋರ್ಟು ಕಚೇರಿಯ ಶಬ್ದ, ಹೊಗಳಿಕೆ ಯಾರಿಗೆ, ಶಿಕ್ಷೆ ಯಾರಿಗೆ ಅಂತ ಹಂಚುವುದಕ್ಕೆ ಬೇಕಾದದ್ದು ಅಂತ ಅವನೇ ಹೇಳುತ್ತಾನೆ.

ನಮ್ಮ ಊರಿನವರಿಗೆ ಇದು ಅಷ್ಟೇನೂ ಹೊಸತಲ್ಲ. ದೈವದ ಕೋಲ ನೋಡಿದ್ದೀರಲ್ಲ. ಸಂಜೆವರೆಗೆ ಹೆಸರು ಹಿಡಿದು ಕರೆಯುತ್ತಿದ್ದವನು ಕಾಲಿಗೆ ಗಗ್ಗರ ಕಟ್ಟಿ, ಬೆನ್ನಿಗೆ ಅಣಿ ಏರಿಸಿ, ಆವೇಶ ಬಂದು ನಿಂತ ಮೇಲೆ ಬೇರೆ. "ನಿನ್ನ ಅಜ್ಜನ ಕಾಲದಲ್ಲಿ ನಾನು ಕೊಟ್ಟ ಮಾತು" ಅಂತ ನುಡಿ ಕೊಟ್ಟರೆ ಆ 'ನಾನು' ಯಾರು? ಅಜ್ಜನ ಕಾಲದಲ್ಲಿ ಆ ಕಟ್ಟುವವನು ಹುಟ್ಟಿಯೇ ಇರಲಿಲ್ಲ. ಆಗ ಕಟ್ಟುತ್ತಿದ್ದದ್ದು ಅವನ ಮಾವನೋ ಅಜ್ಜನೋ. ದೇಹ ಮೂರು ಬದಲಾದರೂ ಮಾತು ಕೊಟ್ಟವನು ಒಬ್ಬನೇ ಅಂತ ಊರು ನಡೆಸಿಕೊಂಡು ಬಂದಿದೆ. ಮಾರನೇ ದಿನ ಅವನೇ ಗೂಡಂಗಡಿಯಲ್ಲಿ ಚಹಾ ಕುಡಿಯುವಾಗ ಯಾರೂ ಹೋಗಿ "ನಿನ್ನೆ ಜಾಗದ ತಕರಾರು ಸರಿ ಮಾಡುತ್ತೇನೆ ಅಂದೆಯಲ್ಲ" ಅಂತ ಕೇಳುವುದಿಲ್ಲ. ಇಲ್ಲಿ ನಂಬಿಕೆಯನ್ನು ತೂಗಲು ನಾನು ಹೊರಟಿಲ್ಲ. ಒಂದು ಮೈಗೆ ಒಂದೇ ವ್ಯಕ್ತಿ ಅನ್ನುವ ಲೆಕ್ಕವನ್ನು ನಮ್ಮವರು ಎಷ್ಟು ಸುಲಭವಾಗಿ ಬದಿಗಿಡುತ್ತಾರೆ, ಮತ್ತೆ ಬೆಳಿಗ್ಗೆ ಎಷ್ಟು ಸುಲಭವಾಗಿ ವಾಪಸು ತರುತ್ತಾರೆ ಅನ್ನುವುದು ನೋಡಿ.

ಆದರೆ ಲಾಕನ ನೆನಪಿನ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ. ಅದನ್ನು ಚೆಂದ ಮಾಡಿ ತೋರಿಸಿದವನು ಸ್ಕಾಟ್ಲೆಂಡಿನ ಥಾಮಸ್ ರೀಡ್, 1785ರಲ್ಲಿ. ಒಬ್ಬ ಹುಡುಗ ಹಣ್ಣಿನ ತೋಟಕ್ಕೆ ನುಗ್ಗಿ ಕದ್ದು ಏಟು ತಿನ್ನುತ್ತಾನೆ. ದೊಡ್ಡವನಾಗಿ ಸೈನ್ಯ ಸೇರಿ ಶತ್ರುವಿನ ಬಾವುಟ ಕಿತ್ತುಕೊಳ್ಳುತ್ತಾನೆ. ಮುದುಕನಾಗುವಾಗ ಜನರಲ್ ಆಗುತ್ತಾನೆ. ಬಾವುಟ ಕಿತ್ತ ಅಧಿಕಾರಿಗೆ ಏಟು ನೆನಪಿದೆ. ಜನರಲ್‌ಗೆ ಬಾವುಟ ನೆನಪಿದೆ, ಏಟು ಮರೆತಿದೆ. ಲಾಕನ ಪ್ರಕಾರ ಹುಡುಗನೂ ಅಧಿಕಾರಿಯೂ ಒಬ್ಬನೇ, ಅಧಿಕಾರಿಯೂ ಜನರಲ್ಲೂ ಒಬ್ಬನೇ, ಆದರೆ ಹುಡುಗನೂ ಜನರಲ್ಲೂ ಬೇರೆ ಬೇರೆ. ಇದು ಹೇಗಾಗುತ್ತದೆ ಹೇಳಿ?

ಇದಕ್ಕೆ ಆಮೇಲಿನವರು ಹಾಕಿದ ತೇಪೆ ನಮ್ಮ ತೆಂಗಿನ ನಾರಿನ ಹಗ್ಗದ ಹಾಗೆ. ಈ ತುದಿಯಿಂದ ಆ ತುದಿಯವರೆಗೆ ಓಡುವ ನಾರು ಒಂದೂ ಇಲ್ಲ. ಒಂದು ನಾರು ಮುಗಿಯುವ ಮೊದಲು ಇನ್ನೊಂದು ಹಿಡಿದುಕೊಂಡಿರುತ್ತದೆ, ಹಗ್ಗ ಒಂದೇ. ನೆನಪೂ ಹಾಗೆ ಸರಪಳಿಯಾಗಿ ಹಿಡಿದಿದ್ದರೆ ಸಾಕು, ನೆನಪಿನ ಜೊತೆ ಆಸೆ, ಅಭ್ಯಾಸ, ಸ್ವಭಾವವನ್ನೂ ಸೇರಿಸಿ. ತೇಪೆ ಒಳ್ಳೆಯದೇ. ಆದರೆ ಜೋಸೆಫ್ ಬಟ್ಲರ್ ಅನ್ನುವ ಪಾದ್ರಿ ಇದಕ್ಕೂ ಮೊದಲೇ, 1736ರಲ್ಲಿ, ಇನ್ನೊಂದು ಕೊಕ್ಕೆ ಇಟ್ಟಿದ್ದ. ಅದು ನನಗೆ ತುಂಬ ಸರಿ ಅನ್ನಿಸುತ್ತದೆ, ಯಾಕಂದರೆ ನನಗೇ ಆದದ್ದು. 1974ರ ನೆರೆಯಲ್ಲಿ ಬಂಟ್ವಾಳ ಪೇಟೆಯೊಳಗೆ ದೋಣಿ ಹೋದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ನೀರಿನ ಬಣ್ಣ, ತೇಲುವ ಬೆಂಚು ಎಲ್ಲ. ನಾನು ಹುಟ್ಟಿದ್ದು 1979ರಲ್ಲಿ. ಅಜ್ಜಿ ಹೇಳಿ ಹೇಳಿ ಅವರ ನೆನಪು ನನ್ನದಾಗಿದೆ. ಹಾಗಾದರೆ ನಿಜವಾದ ನೆನಪು ಯಾವುದು? 'ನನಗೇ ಆದದ್ದರ' ನೆನಪು. ಅಂದರೆ ನಾನು ಯಾರು ಅಂತ ಮೊದಲೇ ಗೊತ್ತಿದ್ದರೆ ಮಾತ್ರ ನೆನಪು ನಿಜವೋ ಸುಳ್ಳೋ ಅಂತ ಹೇಳಬಹುದು. ನೆನಪಿನಿಂದ 'ನಾನು' ಕಟ್ಟಲು ಹೊರಟರೆ, ನೆನಪು ಕಟ್ಟಲಿಕ್ಕೇ 'ನಾನು' ಬೇಕಾಗುತ್ತದೆ.

ನೆನಪು ಅಂದರೂ ಒಂದೇ ಜಾತಿಯದ್ದಲ್ಲ. ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ 1953ರಲ್ಲಿ ಅಪಸ್ಮಾರ ಕಡಿಮೆಯಾಗಲಿ ಅಂತ ಮೆದುಳಿನ ಎರಡೂ ಬದಿಯಿಂದ ಹೊಸ ನೆನಪು ಕೂರಿಸಲು ಬೇಕಾದ ಹಿಪ್ಪೊಕ್ಯಾಂಪಸ್ ಇರುವ ಭಾಗವನ್ನು ತೆಗೆದರು. ಆ ಮೇಲೆ ಹೊಸದೇನೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಈಗ ಮಾತಾಡಿಸಿದವರು ಹೊರಗೆ ಹೋಗಿ ಬಂದರೆ ಮತ್ತೆ ಹೊಸಬರು. 2008ರಲ್ಲಿ ತೀರಿಕೊಳ್ಳುವವರೆಗೆ ಹಾಗೆಯೇ. ಬ್ರೆಂಡಾ ಮಿಲ್ನರ್ ಅನ್ನುವ ವಿಜ್ಞಾನಿ ಅವರಿಗೆ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಲು ಕೊಟ್ಟರು. ಕಷ್ಟದ ಕೆಲಸ, ಕೈ ಉಲ್ಟಾ ಹೋಗುತ್ತದೆ. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಇದನ್ನು ಮೊದಲು ಮಾಡಿದ್ದೇ ಅವರಿಗೆ ನೆನಪಿಲ್ಲ. ಕೈಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಲಾಕ್ ಈ ಎರಡನೇ ಜಾತಿಯ ನೆನಪನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಇಷ್ಟೆಲ್ಲ ಹುಡುಕಾಡಿ ಸುಸ್ತಾಗಿ, 'ನಾನು' ಅನ್ನುವ ವಸ್ತುವೇ ಇಲ್ಲ ಅಂದವರೂ ಇದ್ದಾರೆ. ಡೇವಿಡ್ ಹ್ಯೂಮ್ 1739ರಲ್ಲಿ ಹಾಗೆ ಬರೆದ: ಒಳಗೆ ಹೋಗಿ ನೋಡಿದರೆ ಬಿಸಿ, ತಂಪು, ಪ್ರೀತಿ, ನೋವು ಅಂತ ಒಂದೊಂದು ಅನುಭವ ಸಿಗುತ್ತದೆ, ಅದನ್ನೆಲ್ಲ ಹೊಂದಿರುವ 'ನಾನು' ಸಿಗುವುದೇ ಇಲ್ಲ. ಅವನಿಗಿಂತ ಎಷ್ಟೋ ಶತಮಾನ ಮೊದಲು ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ಇದನ್ನೇ ರಥ ತೋರಿಸಿ ಹೇಳಿದ್ದ. ಚಕ್ರ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ, ಇವೆಲ್ಲ ಸೇರಿದಾಗ ಕರೆಯುವ ಹೆಸರು ರಥ. ರಾಜ ಸುಮ್ಮನೆ ಬಿಡುವವನಲ್ಲ. ಯಾರೂ ಇಲ್ಲದಿದ್ದರೆ ಪಾಪದ ಫಲ ಯಾರಿಗೆ? ಅದಕ್ಕೆ ನಾಗಸೇನ ಮಾವಿನಹಣ್ಣಿನ ಕಳ್ಳನ ಕಥೆ ಹೇಳುತ್ತಾನೆ. ಸಿಕ್ಕಿಬಿದ್ದ ಕಳ್ಳ "ಇವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ" ಅಂತ ವಾದಿಸಿದರೆ ನೀನು ಬಿಡುತ್ತೀಯಾ? ಬಿಡುವುದಿಲ್ಲ, ಯಾಕಂದರೆ ಆ ಹಣ್ಣು ಬಂದದ್ದು ಆ ನೆಟ್ಟದ್ದರಿಂದಲೇ. ಅದೇ ಅಲ್ಲ, ಬೇರೆಯೂ ಅಲ್ಲ. ಹಾಲು ಮೊಸರಾದ ಹಾಗೆ. ನಮ್ಮ ಕಡೆ ಯಾವ ಪಂಚಾಯಿತಿಯಲ್ಲೂ ಆ ಕಳ್ಳನ ವಾದ ನಿಲ್ಲಲಿಕ್ಕಿಲ್ಲ.

ಈ ಚರ್ಚೆಯನ್ನು ನಮ್ಮ ಕಾಲಕ್ಕೆ ತಂದು ಬುಡ ಅಲ್ಲಾಡಿಸಿದವರು ಆಕ್ಸ್‌ಫರ್ಡಿನ ಡೆರೆಕ್ ಪಾರ್ಫಿಟ್. 1942ರಲ್ಲಿ ಚೀನಾದಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡರು. 1984ರ ಅವರ ಪುಸ್ತಕದಲ್ಲಿ ಒಂದು ಮೆಷಿನ್ ಬರುತ್ತದೆ. ಅವರು ಅದನ್ನು ಭೂಮಿಯಿಂದ ಮಂಗಳ ಗ್ರಹಕ್ಕೆ ಇಟ್ಟರು. ನಮಗೆ ಅಷ್ಟು ದೂರ ಬೇಡ, ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ದುಬೈಗೆ ಇರಲಿ.

ಬಜ್ಪೆಯಲ್ಲಿ ಒಂದು ಕೋಣೆ. ಒಳಗೆ ಹೋಗಿ ಗುಂಡಿ ಒತ್ತುತ್ತೀರಿ. ನಿಮ್ಮ ಮೈಯ ಒಂದೊಂದು ಕಣದ ಲೆಕ್ಕವನ್ನೂ ಮೆಷಿನ್ ಬರೆದುಕೊಳ್ಳುತ್ತದೆ, ಇಲ್ಲಿಯ ದೇಹ ನಾಶವಾಗುತ್ತದೆ, ಆ ಲೆಕ್ಕ ದುಬೈಗೆ ಹೋಗಿ ಅಲ್ಲಿಯ ಸಾಮಗ್ರಿಯಿಂದ ಹೊಸ ದೇಹ ತಯಾರಾಗುತ್ತದೆ. ಆ ದೇಹ ಕಣ್ಣು ಬಿಟ್ಟು "ಆಯ್ತಾ, ಇಷ್ಟು ಬೇಗ?" ಅನ್ನುತ್ತದೆ. ಹೆಂಡತಿಗೆ ಫೋನ್ ಮಾಡಿ ಮುಟ್ಟಿದೆ ಅನ್ನುತ್ತದೆ. ಬೆಳಿಗ್ಗೆ ಶೇವ್ ಮಾಡುವಾಗ ಆದ ಗಾಯವೂ ಗಲ್ಲದಲ್ಲಿದೆ. ನೀವು ಹೋದಿರಾ, ಸತ್ತಿರಾ? ಟಿಕೆಟಿನ ದುಡ್ಡು ಉಳಿಯಿತು ಅಂತ ಅರ್ಧ ಜನ ಹತ್ತುತ್ತಾರೆ, ಇನ್ನರ್ಧ ಜನ ಆ ಕೋಣೆಯ ಬಾಗಿಲಿಗೂ ಹೋಗುವುದಿಲ್ಲ.

ಈಗ ಪಾರ್ಫಿಟ್ ಒಂದು ಸ್ಕ್ರೂ ತಿರುಗಿಸುತ್ತಾರೆ. ಒಂದು ದಿನ ಮೆಷಿನ್ ಇಲ್ಲಿಯ ದೇಹವನ್ನು ನಾಶ ಮಾಡುವುದಿಲ್ಲ. ದುಬೈಯಲ್ಲಿ ಒಬ್ಬ ಎದ್ದ, ಬಜ್ಪೆಯಲ್ಲಿಯೂ ನೀವು ಹಾಗೆಯೇ ಹೊರಗೆ ಬಂದಿರಿ. ಆದರೆ ಮೆಷಿನ್ ನಿಮ್ಮ ಹೃದಯಕ್ಕೆ ಪೆಟ್ಟು ಕೊಟ್ಟಿದೆ, ಕೆಲವೇ ದಿನ ಬಾಕಿ ಅಂತ ಹೇಳುತ್ತಾರೆ. ದುಬೈಯವನು ವೀಡಿಯೊ ಕಾಲಿನಲ್ಲಿ ಬಂದು ಸಮಾಧಾನ ಹೇಳುತ್ತಾನೆ: ಹೆದರಬೇಡ, ಮನೆಗೆ ದುಡ್ಡು ನಾನು ಕಳಿಸುತ್ತೇನೆ, ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ, ನಾನು ನೀನೇ ಅಲ್ವಾ. ನಿಮಗೆ ಸಮಾಧಾನ ಆಗುತ್ತದಾ? ನನಗಂತೂ ಮೈ ಉರಿಯುತ್ತದೆ. ಅವನು ನಾನಲ್ಲ, ನಾನು ಇಲ್ಲಿ ಸಾಯುತ್ತಿದ್ದೇನೆ. ಆದರೆ ಅವನಲ್ಲಿ ಇಲ್ಲದ್ದು ಏನು? ಮೊದಲ ಸಲ 'ಹೋದ'ವನಲ್ಲಿ ಏನೇನು ಇತ್ತೋ ಅದೆಲ್ಲ ಇವನಲ್ಲೂ ಇದೆ. ಆಗ ಹೋದದ್ದು ನಾನು, ಈಗ ಹೋದದ್ದು ನಾನಲ್ಲ ಅನ್ನುವುದಾದರೆ, ಬಜ್ಪೆಯಲ್ಲಿ ಒಬ್ಬ ಉಳಿದನೋ ಇಲ್ಲವೋ ಅನ್ನುವುದರ ಮೇಲೆ ದುಬೈಯಲ್ಲಿರುವವನು ಯಾರು ಅನ್ನುವುದು ನಿಂತ ಹಾಗಾಯಿತು. ನಾನು ಯಾರು ಅನ್ನುವುದು ಎಲ್ಲೋ ಇನ್ನೊಬ್ಬ ಇದ್ದಾನೋ ಅನ್ನುವುದರಿಂದ ತೀರ್ಮಾನ ಆಗುವುದಾ?

ಪಾರ್ಫಿಟ್ ಇಲ್ಲಿಂದ ಹೊರಡುವ ದಾರಿ ವಿಚಿತ್ರವಾದದ್ದು. 'ಅವನು ನಾನೇನಾ' ಅನ್ನುವ ಪ್ರಶ್ನೆಗೆ ಕೆಲವು ಸಲ ಹೌದು ಅಥವಾ ಅಲ್ಲ ಅನ್ನುವ ಉತ್ತರವೇ ಇರುವುದಿಲ್ಲ ಅನ್ನುತ್ತಾರೆ. ಎಷ್ಟು ನೆನಪು ದಾಟಿತು, ಎಷ್ಟು ಸ್ವಭಾವ ದಾಟಿತು, ಯಾವ ದೇಹ ಎಲ್ಲಿದೆ, ಇಷ್ಟು ಹೇಳಿದರೆ ಹೇಳುವುದೆಲ್ಲ ಹೇಳಿ ಆಯಿತು, ಅದರ ಹಿಂದೆ ಅಡಗಿದ ಇನ್ನೊಂದು ಸತ್ಯ ಇಲ್ಲ. ಅಷ್ಟೇ ಅಲ್ಲ, ನಮಗೆ ನಿಜವಾಗಿ ಬೇಕಾದದ್ದು 'ನಾನೇ' ಆಗಿರುವುದಲ್ಲ, ನನ್ನ ನೆನಪು, ಕಾಳಜಿ, ಹಟ ಇವು ಮುಂದೆ ಯಾರಲ್ಲಾದರೂ ಉಳಿಯುವುದು. ಹೀಗೆ ಯೋಚಿಸಲು ಶುರು ಮಾಡಿದ ಮೇಲೆ, ಗಾಜಿನ ಸುರಂಗದಲ್ಲಿ ಕತ್ತಲಿನ ಕಡೆಗೆ ಓಡುತ್ತಿದ್ದ ಹಾಗಿದ್ದ ತನ್ನ ಬದುಕಿನ ಗೋಡೆ ಮಾಯವಾಯಿತು, ಬಯಲಿಗೆ ಬಂದ ಹಾಗಾಯಿತು ಅಂತ ಅವರು ಬರೆದಿದ್ದಾರೆ. ಬುದ್ಧ ಇದನ್ನು ಒಪ್ಪುತ್ತಿದ್ದ ಅಂತಲೂ ಹೇಳುತ್ತಾರೆ. ಓದುವಾಗ ನನಗೂ ಒಂದು ಕ್ಷಣ ಹಗುರ ಅನ್ನಿಸಿತ್ತು. ಆಮೇಲೆ ಹಲ್ಲುನೋವು ಬಂತು.

ಹಲ್ಲುನೋವು ಅಂದದ್ದು ಸುಮ್ನೆ ಅಲ್ಲ. ಬರ್ನಾರ್ಡ್ ವಿಲಿಯಮ್ಸ್ ಅನ್ನುವ ತತ್ವಜ್ಞಾನಿ 1970ರಲ್ಲಿ ಒಂದು ಪ್ರಶ್ನೆ ಕೇಳಿದರು. ಅದನ್ನು ಹೀಗೆ ಕೇಳಬಹುದು: ನಾಳೆ ನಿಮ್ಮ ದವಡೆ ಹಲ್ಲನ್ನು ಇಂಜೆಕ್ಷನ್ ಕೊಡದೆ ಕೀಳುತ್ತೇವೆ. ಹೆದರಿಕೆ ಆಯಿತಾ? ಚಿಂತೆ ಬೇಡ, ಕೀಳುವ ಮೊದಲು ನಿಮ್ಮ ನೆನಪನ್ನೆಲ್ಲ ಅಳಿಸುತ್ತೇವೆ. ಹೆದರಿಕೆ ಹೋಯಿತಾ? ಇಲ್ಲ ತಾನೆ. ಇನ್ನೂ ಚಿಂತೆ ಬೇಡ, ನೆನಪು ಅಳಿಸಿದ ಮೇಲೆ ಬೇರೊಬ್ಬನ ನೆನಪು ತುಂಬಿಸುತ್ತೇವೆ. ಈಗ? ನನಗೆ ಹೆದರಿಕೆ ಇಮ್ಮಡಿಯಾಗುತ್ತದೆ. ಲಾಕನ ಪ್ರಕಾರ ನೋವು ಇನ್ಯಾರಿಗೋ. ಆದರೆ ನನ್ನ ಹೊಟ್ಟೆ ತಳಮಳ ಅನ್ನುವುದು ಲಾಕನ ಮಾತು ಕೇಳುವುದಿಲ್ಲ, ಆ ದವಡೆ ನನ್ನದು ಅನ್ನುತ್ತದೆ.

ಎರಿಕ್ ಓಲ್ಸನ್ 1997ರಲ್ಲಿ ಇದೇ ಪಟ್ಟು ಹಿಡಿದು, ನಾವು ಮೊದಲಾಗಿ ಒಂದು ಪ್ರಾಣಿ, ಉಸಿರಾಡುವ ಜೀವಿ, ಆ ಜೀವ ನಡೆಯುತ್ತಿರುವವರೆಗೆ ನಾವು ನಾವೇ ಅಂದರು. ಅವರ ಕಡೆಗೆ ಒಂದು ಬಲವಾದ ಸಾಕ್ಷಿ ನಮ್ಮ ಮನೆಯಲ್ಲೇ ಇದೆ. "ನೀನು ಹೊಟ್ಟೆಯಲ್ಲಿದ್ದಾಗ ಎಷ್ಟು ಒದೆಯುತ್ತಿದ್ದೆ ಗೊತ್ತುಂಟಾ" ಅಂತ ಅಮ್ಮ ಈಗಲೂ ಹೇಳುತ್ತಾರೆ. ಆಗ ನನಗೆ ನೆನಪೂ ಇಲ್ಲ, ಸ್ವಭಾವವೂ ಇಲ್ಲ, ಲಾಕ್ ಹೇಳುವ ಆ ಒಳಗಿನ ಅರಿವಂತೂ ದೂರದ ಮಾತು. ಹಾಗಂತ ಒದ್ದದ್ದು ಬೇರೆ ಯಾರೋ ಅಂತ ಅಮ್ಮನಿಗೆ ಹೇಳಿ ನೋಡಿ! ನನ್ನ ವೋಟು, ಕೇಳಿದರೆ, ಹೆಚ್ಚಾಗಿ ಈ ಕಡೆಗೆ.

ಉಡುಪಿಯ ಹತ್ತಿರ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಈ ಇಡೀ ಜಗಳವನ್ನು ಬೇರೆಯೇ ಕಡೆಯಿಂದ ಹಿಡಿಯುತ್ತಾರೆ. ಅವರ ಪಂಚಭೇದದಲ್ಲಿ ಒಂದು ಜೀವಕ್ಕೂ ಇನ್ನೊಂದು ಜೀವಕ್ಕೂ ಇರುವ ಭೇದವೂ ಸೇರಿದೆ, ಅದು ಯಾವತ್ತೂ ಅಳಿಯುವುದಿಲ್ಲ, ಮೋಕ್ಷದಲ್ಲಿ ಕೂಡ. ಪ್ರತಿ ಜೀವಕ್ಕೂ ತನ್ನದೇ ಸ್ವರೂಪ. ಅದು ಇನ್ನೊಂದರಿಂದ ಜೋಡಿಸಿದ್ದಲ್ಲ, ಆದ್ದರಿಂದ ಬಿಚ್ಚಿ ಎರಡು ಮಾಡಲೂ ಬರುವುದಿಲ್ಲ. 'ನಾನು' ಅಂತ ಗೊತ್ತಾಗುವುದು ನೆನಪಿನಿಂದಲೂ ಊಹೆಯಿಂದಲೂ ಅಲ್ಲ, ಸಾಕ್ಷಿಯಿಂದ. ಜೀವದ ಸ್ವರೂಪದಲ್ಲೇ ಇರುವ ಒಳಗಿನ ಇಂದ್ರಿಯ ಅದು, ಸುಖ ದುಃಖವನ್ನೂ ಕಾಲವನ್ನೂ ನೇರವಾಗಿ ತಿಳಿಯುತ್ತದೆ, ತಪ್ಪುವುದಿಲ್ಲ. ಬಜ್ಪೆಯ ಮೆಷಿನನ್ನು ಈ ಲೆಕ್ಕದಲ್ಲಿ ಇಟ್ಟರೆ ಎಲ್ಲ ತಟ್ಟನೆ ಸುಲಭ. ದುಬೈಯಲ್ಲಿ ಎದ್ದವನು ಎಷ್ಟೇ ನಿಮ್ಮಂಥವನಾದರೂ ಜೀವ ಒಂದೇ ಕಡೆ ಇರುವುದು. ಅವನು 'ಅಂಥವನು', 'ಅವನು' ಅಲ್ಲ. ತೊಡಕು ಬರುವುದು ಲಾಕ್ ಎತ್ತಿದ ಇನ್ನೊಂದು ಪ್ರಶ್ನೆಯಿಂದ. ಟ್ರಾಯ್ ಯುದ್ಧದಲ್ಲಿದ್ದ ನೆಸ್ಟರನ ಆತ್ಮವೇ ಈಗ ನನ್ನಲ್ಲಿದ್ದರೂ, ಅವನು ಮಾಡಿದ್ದು ಒಂದೂ ನನ್ನ ಅರಿವಿಗೆ ಬಾರದಿದ್ದರೆ ಅವನಿಗೂ ನನಗೂ ಏನು ಸಂಬಂಧ ಅಂತ. ಕರ್ಮವನ್ನು ಒಪ್ಪುವವರಿಗೆ ಸಂಬಂಧ ಇದೆ, ಅದು ಗೊತ್ತಿರಬೇಕಾಗಿಲ್ಲ. ಒಪ್ಪದವರಿಗೆ ಲಾಕನ ಪ್ರಶ್ನೆ ಹಾಗೆಯೇ ಕೂತಿರುತ್ತದೆ.

ಉಡುಪಿಯ ವಿಷಯ ಬಂತಲ್ಲ, ಇನ್ನೊಂದು ನೋಡಿ. ಸನ್ಯಾಸ ತೆಗೆದುಕೊಳ್ಳುವಾಗ ಮನುಷ್ಯ ತನ್ನ ಶ್ರಾದ್ಧವನ್ನು ತಾನೇ ಮಾಡಿಕೊ‌ಳ್ಳುತ್ತಾನೆ. ಹಳೇ ಹೆಸರು ಹೋಗುತ್ತದೆ, ಮನೆತನ ಹೋಗುತ್ತದೆ. ಹಿಂದೂ ಕಾನೂನು ಇದನ್ನು ಬರೀ ಆಚಾರ ಅಂತ ಬಿಟ್ಟಿಲ್ಲ, ಆಸ್ತಿಯ ಮಟ್ಟಿಗೆ ಅವನು ತೀರಿಕೊಂಡ ಹಾಗೆಯೇ ಅಂತ ಎಣಿಸುತ್ತಾ ಬಂದಿದೆ. ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ: ಮೀನಿಗೆ ಹೋಗಿ ಬಾರದೆ ಏಳು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆ ಅಂತ ಯಾರಾದರೂ ತೋರಿಸುವವರೆಗೆ ಕಾನೂನು ಅವನನ್ನು ಸತ್ತವನು ಅಂತ ಎಣಿಸುತ್ತದೆ. ಒಬ್ಬ ಎಲ್ಲರ ಕಣ್ಣೆದುರು ಉಸಿರಾಡುತ್ತಾ ಇಲ್ಲ, ಇನ್ನೊಬ್ಬ ಯಾವುದೋ ಬಂದರಿನಲ್ಲಿ ಆರಾಮವಾಗಿದ್ದರೂ ಇಲ್ಲ. ಆಸ್ತಿ ಕೇಳುವ ಪ್ರಶ್ನೆಗೂ ವೈದ್ಯರು ಕೇಳುವ ಪ್ರಶ್ನೆಗೂ ಅಮ್ಮ ಕೇಳುವ ಪ್ರಶ್ನೆಗೂ ಶಬ್ದ ಒಂದೇ, 'ಇವರು ಅವರೇನಾ'. ಆದರೆ ಒಬ್ಬೊಬ್ಬರೂ ಹುಡುಕುತ್ತಿರುವುದು ಬೇರೆ ಬೇರೆ. ಮುನ್ನೂರು ವರ್ಷದ ಈ ಜಗಳದಲ್ಲಿ ಅರ್ಧ ಗೆದ್ದವರಿಲ್ಲದೆ ಉಳಿದದ್ದು ಇದಕ್ಕೇ ಅಂತ ನನಗೆ ಅನ್ನಿಸುತ್ತದೆ. ಇನ್ನರ್ಧ, ಅಂದರೆ ಆ ಹಲ್ಲುನೋವು ನಾಳೆ ಯಾರಿಗೆ ಅನ್ನುವುದು, ಹಾಗೆ ಹಂಚಿ ಮುಗಿಸಲಿಕ್ಕೆ ಆಗುವುದಿಲ್ಲ.

ಇವೆರಡರ ನಡುವೆ ಒಂದು ದಾರಿ ಹುಡುಕಿದವರೂ ಇದ್ದಾರೆ. ಮರ್ಯಾ ಶೆಕ್ಟ್‌ಮನ್ 1996ರಲ್ಲಿ, ನಮ್ಮ ಬದುಕನ್ನು ನಾವು ಒಂದು ಕಥೆಯಾಗಿ ಹೇಳಿಕೊಳ್ಳುವುದೇ ನಮ್ಮನ್ನು ಒಬ್ಬ ವ್ಯಕ್ತಿ ಮಾಡುತ್ತದೆ ಅಂದರು. ಗೇಲನ್ ಸ್ಟ್ರಾಸನ್ 2004ರಲ್ಲಿ, ನನಗೆ ನನ್ನ ಬದುಕು ಕಥೆ ಅಂತ ಅನ್ನಿಸುವುದೇ ಇಲ್ಲ, ಹಾಗಾದರೆ ನಾನು ವ್ಯಕ್ತಿಯಲ್ಲವಾ ಅಂತ ಕೇಳಿದರು. ದೊಡ್ಡಮ್ಮ ಮೊದಲನೆಯ ಪಂಗಡ. ಕಥೆ ಶುರು ಮಾಡಿದರೆ ನಿಲ್ಲಿಸುವುದಿಲ್ಲ.

ಆ ದಿನ ಕೊನೆಗೆ ಕೌಂಟರಿನ ಹುಡುಗನಿಗೆ ನೆನಪಾಯಿತು, ಮುಖ ತೋರಿಸಿಯೂ ಮಾಡಬಹುದು ಅಂತ. ಮೊಬೈಲು ಎದುರು ಹಿಡಿದ. "ಅಮ್ಮಾ, ಹೀಗೆ ನೋಡಿ, ಕಣ್ಣು ಮಿಟುಕಿಸಿ." ದೊಡ್ಡಮ್ಮ ಫೋಟೊ ಅಂತ ಎಣಿಸಿ ಕಣ್ಣು ಮತ್ತೂ ಅಗಲ ಮಾಡಿದರು. "ಮಿಟುಕಿಸಿ, ಮಿಟುಕಿಸಿ." ಮೂರನೇ ಸಲಕ್ಕೆ ಮಿಟುಕಿಸಿದರು, ಆ ಎರಡು ಡಾಕ್ಟರು ಕೂರಿಸಿದ ಮಸೂರದ ಕಣ್ಣುಗಳನ್ನು. ಹಸಿರು ಬಂತು.

"ಆಯ್ತು ಅಮ್ಮ, ನೀವು ನೀವೇ. ಟೋಕನ್ ಕೊಡಿ" ಅಂದ ಹುಡುಗ.

ದೊಡ್ಡಮ್ಮ ಮಡಿಲು ನೋಡಿಕೊಂಡು ನಾಚಿದರು. ಕಾಯುತ್ತಾ ಕೂತಿದ್ದ ಒಂದು ಗಂಟೆಯಲ್ಲಿ ಟೋಕನ್ ಚೀಟಿ ಅವರ ಬೆರಳುಗಳ ನಡುವೆ ಬಿಗಿಯಾದ ಸಣ್ಣ ಸುರುಳಿಯಾಗಿತ್ತು. ಒಂದು ತುದಿ ಸಪೂರ, ಇನ್ನೊಂದು ತುದಿ ಅಚ್ಚುಕಟ್ಟಾಗಿ ಒಳಕ್ಕೆ ಮಡಚಿದ್ದು. ನೂಲು ಒಂದು ಕಟ್ಟಿರಲಿಲ್ಲ.